ಅತ್ತಿಯ ಹೂವನ್ನು ಕಂಡವರಾರು?

ಕೋಟೇಶ್ವರದಲ್ಲಿ ನಮ್ಮ ಮನೆಯ ಹಿಂದುಗಡೆ ಒಂದು ತೋಡು ಹರಿಯುತ್ತದೆ. ಮಳೆಗಾಲದಲ್ಲಿ ಗದ್ದೆಗಳ ನೀರನ್ನೆಲ್ಲ ಹೊತ್ತು ಕೆಂಪಾಗಿ ಓಡುವ ಈ ತೋಡು ಬೇಸಗೆಯಲ್ಲಿ ಬರಿಯ ಮರಳಾಗಿ ಉಳಿಯುವುದು. ಅದರ ಆಚೆಯ ದಂಡೆಯ ಮೇಲೆ, ನೆರೆಮನೆಯವರ ತೆಂಗಿನ ತೋಟದ ಮೂಲೆಯಲ್ಲಿ ಒಂದು ಮುದಿ ಅತ್ತಿಮರವಿದೆ. ಇಬ್ಬರು ಸೇರಿ ಅಪ್ಪಿದರೂ ಕೈಗೆ ಕೈ ಕೂಡದಷ್ಟು ದಪ್ಪನಾದ ಅದರ ಕಾಂಡದ ಮೇಲೆ, ಬುಡದಿಂದ ಕವಲಿನವರೆಗೂ, ಕಾಯಿಗಳು ಗೊಂಚಲುಗೊಂಚಲಾಗಿ ಅಂಟಿಕೊಂಡಿರುತ್ತವೆ. ಕಳೆದ ಮಾಘ ಮಾಸದ ಒಂದು ಸಂಜೆ ಆ ಮನೆಯ ಯಜಮಾನನು ನಮ್ಮ ಜಗಲಿಗೆ ಬಂದು ಕುಳಿತನು. ಆ ಮರದ ಹಣ್ಣು ಬಿದ್ದು ಅಂಗಳವೆಲ್ಲ ನೊಣವಾಗುತ್ತದೆ, ಇರುಳೆಲ್ಲ ಬಾವಲಿಗಳ ಗಲಾಟೆ, ಬೇರು ಬಾವಿಯ ಕಟ್ಟೆಯನ್ನು ಸೀಳುತ್ತಿದೆ ಎಂದು ಒಂದೊಂದಾಗಿ ಹೇಳಿ, ಕೊನೆಗೆ ತಾನು ಬಂದ ಕಾರಣವನ್ನು ತೆಗೆದನು. "ಹೂಗ್ ಬಿಡುದಿಲ್ಲೆ, ಹಣ್ಣ್ ತಿಂಬುಕಾತ್ತಿಲ್ಲೆ, ಒಡ್ದ್ ಕಂಡ್ರೆ ಒಳ್ಗೆಲ್ಲ ಹುಳ. ಹೋಮದ ಮರ ಅಂಬ್ರಲೆ, ಕಡ್ದ್ರೆ ದೋಷ ಇತ್ತಾ ಮಾಷ್ಟ್ರೇ?"

ದೋಷದ ಪ್ರಶ್ನೆಗೆ ಉತ್ತರ ಕೊಡುವ ಮೊದಲು ಆತನ ಬೇರೆರಡು ಮಾತುಗಳು ನನ್ನ ಮನಸ್ಸಿಗೆ ನಾಟಿದುವು. ಅತ್ತಿಗೆ ಹೂವಿಲ್ಲ, ಅದರ ಹಣ್ಣಿನಲ್ಲಿ ಹುಳ ತಾನಾಗಿಯೇ ಹುಟ್ಟುತ್ತದೆ. ಇವೆರಡನ್ನೂ ಆತನಿಗೆ, ಆತನು ಚಡ್ಡಿ ತೊಟ್ಟು ಮುಂದಿನ ಬೆಂಚಿನಲ್ಲಿ ಕುಳಿತಿದ್ದ ಕಾಲದಲ್ಲಿ, ನಾನೇ ಕಲಿಸಿದ್ದೆನು.

ಹೀಗೆ ಕಲಿಸಿದುದಕ್ಕೆ ಆಧಾರವಿಲ್ಲದಿರಲಿಲ್ಲ. ಹೂವಿಲ್ಲದೆ ಫಲ ಕೊಡುವುದು ವನಸ್ಪತಿ, ಹೂವೂ ಫಲವೂ ಉಳ್ಳದ್ದು ವೃಕ್ಷ ಎಂದು ಮನುಸ್ಮೃತಿಯು ವಿಭಾಗಿಸುತ್ತದೆ. ಅರಳಿ, ಆಲ, ಅತ್ತಿ, ಬಸರಿ ಇವುಗಳೇ ಆ ವನಸ್ಪತಿಗಳೆಂದು ಹಿರಿಯರು ನಮಗೆ ಹೇಳಿದ್ದರು. ಬೌದ್ಧರ ಗ್ರಂಥಗಳಲ್ಲಿ ಅತಿ ದುರ್ಲಭವಾದ ವಸ್ತುವನ್ನು ಉದುಂಬರಪುಷ್ಪಕ್ಕೆ ಹೋಲಿಸುವುದುಂಟು. ಅತ್ತಿಯ ಹೂ ನಡುರಾತ್ರಿಯಲ್ಲಿ ಅರಳಿ ಕ್ಷಣದಲ್ಲಿ ಮಾಯವಾಗುವುದೆಂದೂ, ಅದನ್ನು ಕಂಡವನಿಗೆ ಐಶ್ವರ್ಯ ಕೈಗೂಡುವುದೆಂದೂ ನಮ್ಮ ಕಡೆಯ ಮುದುಕಿಯರು ಹೇಳುವುದನ್ನು ವಾಚಕರಲ್ಲಿ ಕೆಲವರಾದರೂ ಕೇಳಿರಬಹುದು. ಇನ್ನು ಹುಳದ ವಿಚಾರ. ಜರಾಯುಜ, ಅಂಡಜ, ಸ್ವೇದಜ, ಉದ್ಭಿಜ್ಜ ಎಂಬ ನಾಲ್ಕು ಬಗೆಯ ಸೃಷ್ಟಿಯಲ್ಲಿ ಅತ್ತಿಯ ಹುಳವು ಸ್ವೇದಜಕ್ಕೆ ಸೇರಿದುದೆಂದು, ಅಂದರೆ ತೇವ ಮತ್ತು ಕಾವುಗಳಿಂದ ತಾನೇ ಉಂಟಾದುದೆಂದು, ನಾನು ನಿಸ್ಸಂಕೋಚವಾಗಿ ಹೇಳಿಬಿಟ್ಟಿದ್ದೆನು. ಅಂದು ಒಬ್ಬ ಹುಡುಗನು ಹಣ್ಣನ್ನು ಒಡೆದು ತಂದು, "ಇದಕ್ಕೆ ಎಲ್ಲಿಯೂ ತೂತಿಲ್ಲವಲ್ಲ, ಹುಳ ಒಳಗೆ ಹೇಗೆ ಹೋಯಿತು?" ಎಂದು ಕೇಳಿದ್ದನು. ಪ್ರಶ್ನೆ ಸರಿಯಾಗಿತ್ತು, ಉತ್ತರ ತಪ್ಪಾಗಿತ್ತು.

ಆದುದರಿಂದ ನೆರೆಯಾತನಿಗೆ, "ಒಂದು ಫಸಲಿನ ಕಾಲ ತಾಳು, ಆಮೇಲೆ ಹೇಳುತ್ತೇನೆ" ಎಂದು ಹೇಳಿ ಕಳುಹಿಸಿ, ಪಂಚಾಂಗದ ಸಣ್ಣಕ್ಷರಗಳಿಗಾಗಿ ಇಟ್ಟುಕೊಂಡಿದ್ದ ಭೂತಗನ್ನಡಿಯನ್ನೂ ಒಂದು ಹರಿತವಾದ ಚೂರಿಯನ್ನೂ ಹಿಡಿದು ತೋಡಿನ ಆಚೆಗೆ ಹೋಗಲಾರಂಭಿಸಿದೆನು. ಓದಿ ತಿಳಿದುದನ್ನು ಕಣ್ಣಾರೆ ಕಾಣಬೇಕೆಂಬ ಹಂಬಲವು ಅರುವತ್ತರ ವಯಸ್ಸಿನಲ್ಲಿ ನಗೆಗೀಡಾದರೂ ಚಿಂತೆಯಿಲ್ಲ.

ನಾವು ಅತ್ತಿಯ ಕಾಯಿ ಎನ್ನುವುದು ವಾಸ್ತವವಾಗಿ ಕಾಯಿಯೇ ಅಲ್ಲ. ಅದು ಒಂದು ಹೂಗೊಂಚಲು. ಸೂರ್ಯಕಾಂತಿಯ ಹೂವನ್ನು ನೆನೆದುಕೊಳ್ಳಿರಿ. ಅದರ ನಡುವಣ ತಟ್ಟೆಯಲ್ಲಿ ನೂರಾರು ಸಣ್ಣ ಹೂಗಳು ಒತ್ತಾಗಿ ಕುಳಿತಿರುತ್ತವೆಯಷ್ಟೆ. ಆ ತಟ್ಟೆಯ ಅಂಚುಗಳು ಮೇಲಕ್ಕೆದ್ದು ಒಳಮುಖವಾಗಿ ಮಡಿಸಿ, ಬಾಯಿ ಕಟ್ಟಿದ ಚೀಲದಂತೆ ಮುಚ್ಚಿಕೊಂಡರೆ ಹೇಗೋ ಹಾಗೆ ಅತ್ತಿಯ ಗುಂಡು. ಹೂಗಳೆಲ್ಲ ಒಳಗೋಡೆಯ ಮೇಲೆ, ಕತ್ತಲೆಯಲ್ಲಿ, ಒಳಗಡೆಗೇ ಮುಖಮಾಡಿ ನಿಂತಿರುತ್ತವೆ. ಹಸುರಾದ ಎಳೆಯ ಗುಂಡೊಂದನ್ನು ಸೀಳಿ ಕನ್ನಡಿಯಲ್ಲಿ ನೋಡಿದಾಗ ಬಿಳಿಯ ನವಿರಾದ ಜಮಖಾನೆ ಹಾಸಿದಂತೆ ಸಾವಿರಗಟ್ಟಲೆ ಹೂಗಳು ಕಂಡುವು. ಅತ್ತಿಗೆ ಹೂವಿಲ್ಲವೆಂದು ಪಾಠ ಹೇಳಿದವನು ಅಷ್ಟು ಹೂಗಳನ್ನು ಒಮ್ಮೆಗೇ ನೋಡಿ ಕೆಲಹೊತ್ತು ಸುಮ್ಮನೆ ನಿಂತೆನು. ಐಶ್ವರ್ಯವೇನೂ ಕೈಗೂಡಲಿಲ್ಲ.

ಈ ಅಂತಃಪುರಕ್ಕೆ ಬಾಗಿಲೊಂದಿದೆ. ಗುಂಡಿನ ತುದಿಯಲ್ಲಿ ಹೊಕ್ಕುಳಿನಂತೆ ತೋರುವ ಸಣ್ಣ ಗುಳಿಯೇ ಅದು. ಮೀನಿನ ಹುರುಪೆಗಳಂತೆ ಒಂದರ ಮೇಲೊಂದು ಹೊದೆದ ಪುಟ್ಟ ಎಸಳುಗಳು ಅದನ್ನು ಮುಚ್ಚಿರುತ್ತವೆ. ಗಾಳಿ ಹೊಗಲಾರದು, ಜೇನು, ದುಂಬಿ, ಚಿಟ್ಟೆ ಯಾವುವೂ ಹೊಗಲಾರವು. ಹೊಗಬಲ್ಲುದು ಒಂದೇ ಜೀವಿ. ಅದು ಎಳ್ಳಿನ ಕಾಳಿಗಿಂತಲೂ ಕಿರಿದಾದ, ಕಪ್ಪು ಮೈಯ, ಪೊರೆರೆಕ್ಕೆಯ ಒಂದು ಕಣಜ. ಶಾಸ್ತ್ರಜ್ಞರು ಅದನ್ನು ಸೆರಟೊಸೋಲೆನ್ ಫ್ಯೂಸಿಸೆಪ್ಸ್ ಎಂದು ಕರೆಯುತ್ತಾರೆ. ಅತ್ತಿಗೆ ಅವರಿಟ್ಟ ಹೆಸರು ಫೈಕಸ್ ರೆಸಿಮೋಸ. ಹಳೆಯ ಪುಸ್ತಕಗಳಲ್ಲಿ ಫೈಕಸ್ ಗ್ಲೋಮರೇಟ ಎಂದಿರುವುದೂ ಇದೇ ಮರ. ಭತ್ತ ತುಂಬುವ ಕಣಜಕ್ಕೂ ಕುಟುಕುವ ಕಣಜಕ್ಕೂ ಕನ್ನಡದಲ್ಲಿ ಒಂದೇ ಹೆಸರಿರುವುದು ಆಕಸ್ಮಿಕವಾದರೂ, ಈ ಹುಳವು ಮನುಷ್ಯರನ್ನು ಕುಟುಕುವುದಿಲ್ಲವಾದುದರಿಂದ ಮೊದಲನೆಯ ಅರ್ಥವೇ ಅದಕ್ಕೆ ಹೆಚ್ಚು ಒಪ್ಪುವುದೆಂದು ನನಗೆ ತೋರುತ್ತದೆ.

ಒಳಗಣ ಹೆಣ್ಣುಹೂಗಳು ಪಕ್ವವಾದಾಗ ಗುಂಡಿನಿಂದ ಒಂದು ವಿಶಿಷ್ಟವಾದ ಪರಿಮಳ ಹೊರಡುತ್ತದೆ. ನಮ್ಮ ಮೂಗಿಗೆ ಅದು ತಿಳಿಯುವುದು ಕಷ್ಟ. ಕಣಜಕ್ಕೆ ಅದೇ ಕರೆಯೋಲೆ. ಆಲದ ಕಣಜವು ಅತ್ತಿಗೆ ಬಾರದು, ಅತ್ತಿಯದು ಆಲಕ್ಕೆ ಹೋಗದು. ಲೋಕದಲ್ಲಿ ಈ ಕುಲದ ಮರಗಳು ೭೫೦ಕ್ಕೂ ಹೆಚ್ಚು ಬಗೆಯವಿದ್ದು, ಬಹುಮಟ್ಟಿಗೆ ಒಂದೊಂದಕ್ಕೂ ಅದರದೇ ಆದ ಕಣಜವುಂಟು. ಈ ಸಂಬಂಧವು ಆರರಿಂದ ಎಂಟು ಕೋಟಿ ವರ್ಷಗಳಷ್ಟು ಹಳೆಯದೆಂದು ಶಾಸ್ತ್ರಜ್ಞರು ಗಣಿಸಿದ್ದಾರೆ. ನಮ್ಮ ಪುರಾಣಗಳ ಮನ್ವಂತರಗಳನ್ನು ಓದಿದವನಿಗೂ ಅದು ಸಣ್ಣ ಸಂಖ್ಯೆಯಲ್ಲ.

ಪರಿಮಳವನ್ನು ಅನುಸರಿಸಿ ಬಂದ ಹೆಣ್ಣು ಕಣಜವು ಗುಂಡಿನ ಬಾಗಿಲಲ್ಲಿ ತಲೆಯಿಟ್ಟು ನುಸುಳುತ್ತದೆ. ಹಾದಿ ಅಷ್ಟು ಇಕ್ಕಟ್ಟು. ರೆಕ್ಕೆಗಳು ಹರಿದು ಹೋಗುತ್ತವೆ, ಮೀಸೆಗಳ ತುದಿ ಮುರಿಯುತ್ತವೆ. ಭೂತಗನ್ನಡಿಯಲ್ಲಿ ನೋಡಿದಾಗ ಬಾಗಿಲ ಎಸಳುಗಳ ನಡುವೆ ಸಿಕ್ಕಿಕೊಂಡ ರೆಕ್ಕೆಯ ಚೂರುಗಳನ್ನು ನಾನೇ ಕಂಡಿದ್ದೇನೆ. ಮಗಳನ್ನು ಮನೆ ತುಂಬಿಸುವಾಗ ಹೊಸ್ತಿಲಲ್ಲಿ ಅಕ್ಕಿ ಚೆಲ್ಲುವರು. ಇಲ್ಲಿ ಹೊಸ್ತಿಲಲ್ಲಿ ರೆಕ್ಕೆಯನ್ನೇ ಕಳಚಿಡಬೇಕು. ಮತ್ತೆ ಹೊರಗೆ ಬರುವ ಮಾತಿಲ್ಲ.

ಒಳಹೊಕ್ಕ ಬಳಿಕ ಅದು ಎರಡು ಕೆಲಸಗಳನ್ನು ಮಾಡುತ್ತದೆ. ಅದರ ಎದೆಯ ಅಡಿಯಲ್ಲಿ ಎರಡು ಪುಟ್ಟ ಜೇಬುಗಳಿವೆ. ತಾನು ಹುಟ್ಟಿದ ಮರದ ಪರಾಗವನ್ನು ಅದು ಆ ಜೇಬುಗಳಲ್ಲಿ ತುಂಬಿ ತಂದಿರುತ್ತದೆ. ಮುಂಗಾಲುಗಳಿಂದ ಅದನ್ನು ತೆಗೆತೆಗೆದು ಹೂಗಳ ಶಲಾಕಾಗ್ರದ ಮೇಲೆ ಹಚ್ಚುತ್ತದೆ. ಜೇನುಹುಳದ ಮೈಗೆ ಪರಾಗವು ತಾನಾಗಿ ಅಂಟಿಕೊಂಡು ಇನ್ನೊಂದು ಹೂವಿಗೆ ಉದುರುವಂತಹ ಕೆಲಸವಲ್ಲವಿದು; ರೈತನು ಬೀಜದ ಬುಟ್ಟಿ ಹಿಡಿದು ಬಿತ್ತಿದಂತೆ ಉದ್ದೇಶಪೂರ್ವಕವಾಗಿ ನಡೆಯುವ ಕೆಲಸ. ಅತ್ತಿಯ ಹತ್ತಿರದ ದಾಯಾದಿಯಾದ ಆಫ್ರಿಕೆಯ ಸಿಕಮೋರ್ ಮರದಲ್ಲಿ ಗಲೀಲ್ ಮತ್ತು ಐಸಿಕೋವಿಚ್ ಎಂಬ ಇಸ್ರೇಲಿನ ಪಂಡಿತರು ೧೯೬೦ರ ದಶಕದಲ್ಲಿ ಈ ಜೇಬುಗಳ ಬಳಕೆಯನ್ನು ಕಂಡು ಬರೆದಾಗ ಸಸ್ಯಶಾಸ್ತ್ರಜ್ಞರೇ ಬೆರಗಾದರು.

ಎರಡನೆಯ ಕೆಲಸ ಮೊಟ್ಟೆಯಿಡುವುದು. ಅತ್ತಿಯೊಳಗಣ ಹೆಣ್ಣುಹೂಗಳಲ್ಲಿ ಕೆಲವಕ್ಕೆ ಶಲಾಕೆ ಗಿಡ್ಡ, ಕೆಲವಕ್ಕೆ ಉದ್ದ. ಕಣಜವು ತನ್ನ ಸೂಜಿಯನ್ನು ಶಲಾಕೆಯ ಮೂಲಕ ಇಳಿಸಿ ಅಂಡಾಶಯದೊಳಗೆ ಒಂದೊಂದೇ ಮೊಟ್ಟೆಯನ್ನು ಇಡುತ್ತದೆ. ಗಿಡ್ಡ ಶಲಾಕೆಯ ಹೂಗಳಲ್ಲಿ ಸೂಜಿ ಸುಲಭವಾಗಿ ತಲಪುವುದು. ಅಲ್ಲಿ ಮರಿಹುಳಕ್ಕೆ ತೊಟ್ಟಿಲಾಗುತ್ತದೆ. ಉದ್ದ ಶಲಾಕೆಯವುಗಳಲ್ಲಿ ಹೆಚ್ಚಿನವು ಬೀಜವಾಗುತ್ತವೆ. ಹೀಗೆ ಮರವು ತನ್ನ ಸಂತಾನದಲ್ಲಿ ಒಂದು ಪಾಲನ್ನು ಕಣಜದ ಸಂತಾನಕ್ಕೆ ಬಿಟ್ಟುಕೊಟ್ಟು ಉಳಿದುದನ್ನು ತನಗೆ ಉಳಿಸಿಕೊಳ್ಳುತ್ತದೆ. ಕಣಜವೇಕೆ ಎಲ್ಲ ಹೂಗಳನ್ನೂ ಆಕ್ರಮಿಸಿ ಮರವನ್ನೇ ನಿರ್ಬೀಜ ಮಾಡುವುದಿಲ್ಲ ಎಂಬುದರ ಮೇಲೆ ಪಂಡಿತರಲ್ಲಿ ಇಂದಿಗೂ ಚರ್ಚೆಯಿದೆ. ಶಲಾಕೆಯ ಉದ್ದವೇ ಕಾರಣವೆಂದು ಕೆಲವರು. ಗೋಡೆಯ ಸಮೀಪದ ಅಂಡಾಶಯಗಳಲ್ಲಿಟ್ಟ ಮೊಟ್ಟೆಗೆ ಹೊರಗಣ ಶತ್ರುಗಳ ಭಯ ಹೆಚ್ಚೆಂಬುದೇ ಕಾರಣವೆಂದು ಕೆಲವರು. ಗೇಣಿಯ ಲೆಕ್ಕದಲ್ಲಿ ಒಡೆಯನೂ ಒಕ್ಕಲೂ ತಲೆಮಾರುಗಟ್ಟಲೆ ಜಗಳವಾಡಿದುದನ್ನು ಈ ಸೀಮೆಯಲ್ಲಿ ಕಂಡ ನನಗೆ, ಇಷ್ಟು ಕೋಟಿ ವರ್ಷ ಮುರಿಯದೆ ನಡೆದ ಪಾಲುಗಾರಿಕೆಯ ಕರಾರು ಯಾವುದೆಂದು ತಿಳಿಯುವ ಕುತೂಹಲ ಸಹಜವಾಗಿಯೇ ಇದೆ.

ಕೆಲಸ ಮುಗಿಸಿದ ತಾಯಿ ಅಲ್ಲಿಯೇ ಸಾಯುತ್ತದೆ. ಒಂದೇ ಗುಂಡಿನೊಳಗೆ ಇಂತಹ ಹಲವು ತಾಯಂದಿರು ಹೊಕ್ಕು ಸಾಯುವುದೂ ಉಂಟು. ಗುಂಡಿನ ಬಾಗಿಲು ಬಿಗಿದು ಮುಚ್ಚಿಕೊಳ್ಳುತ್ತದೆ. ಆಮೇಲೆ ಕೆಲವು ವಾರಗಳವರೆಗೆ ಹೊರಗೆ ಯಾವ ಬದಲಾವಣೆಯೂ ಕಾಣದು. ಬಿಸಿಲು ಹೆಚ್ಚಿದ್ದರೆ ಬೇಗ, ಚಳಿಯಿದ್ದರೆ ತಡವಾಗಿ, ಬೀಜವೂ ಮರಿಯೂ ಅಕ್ಕಪಕ್ಕದಲ್ಲಿ ಬೆಳೆಯುತ್ತಿರುತ್ತವೆ.

ಮೊದಲು ಹೊರಬರುವುವು ಗಂಡುಗಳು. ಅವಕ್ಕೆ ರೆಕ್ಕೆಯಿಲ್ಲ; ಹೊರಗಿನ ಬೆಳಕಿನಲ್ಲಿ ಬಾಳುವ ಭಾಗ್ಯವೂ ಇಲ್ಲ. ಹೆಣ್ಣುಗಳು ತಮ್ಮ ತೊಟ್ಟಿಲುಗಳಿಂದ ಹೊರಬೀಳುವ ಮೊದಲೇ ಗಂಡುಗಳು ಆ ಗೂಡುಗಳನ್ನು ಕೊರೆದು ಅವುಗಳೊಂದಿಗೆ ಕೂಡುತ್ತವೆ. ಬಳಿಕ ಗುಂಡಿನ ದಪ್ಪ ಗೋಡೆಯನ್ನು ಹಲ್ಲಿನಿಂದ ಕಡಿದು ಹೊರಕ್ಕೆ ಸುರಂಗವೊಂದನ್ನು ತೆಗೆಯುತ್ತವೆ. ಅಷ್ಟು ಮಾಡಿ ಸಾಯುತ್ತವೆ. ಸುರಂಗದಿಂದ ಹೊರಕ್ಕೆ ಉರುಳಿದವುಗಳನ್ನು ಇರುವೆಗಳು ಎತ್ತಿಕೊಂಡು ಹೋಗುತ್ತವೆ. ಇಷ್ಟರಲ್ಲಿ ಬಾಗಿಲ ಹತ್ತಿರದ ಗಂಡುಹೂಗಳು ಪಕ್ವವಾಗಿರುತ್ತವೆ. ಹೆಣ್ಣುಹೂ ಅರಳಿದ ಎಷ್ಟೋ ವಾರಗಳ ತರುವಾಯ ಅದೇ ಗುಂಡಿನ ಗಂಡುಹೂ ಅರಳುವ ಈ ಏರ್ಪಾಡಿನಿಂದ ಒಂದು ಗುಂಡಿನ ಪರಾಗವು ಅದೇ ಗುಂಡಿನ ಹೆಣ್ಣುಹೂವಿಗೆ ತಾಗುವ ಸಂಭವವೇ ಇಲ್ಲ. ಹೆಣ್ಣು ಕಣಜಗಳು ಪರಾಗವನ್ನು ಜೇಬುಗಳಿಗೆ ತುಂಬಿಕೊಂಡು, ಗಂಡುಗಳು ತೆಗೆದ ಸುರಂಗದಿಂದ ಹೊರಬಿದ್ದು ಹಾರುತ್ತವೆ.

ಇದನ್ನು ನಾನು ಫಾಲ್ಗುಣದ ಒಂದು ಮುಂಜಾನೆ ನೋಡಿದೆನು. ಆ ದಿನ ಕಾಂಡದ ತುಂಬ ಚಗಳಿ ಇರುವೆಗಳ ಸಾಲು ಎಂದಿಗಿಂತ ಹೆಚ್ಚಾಗಿತ್ತು. ಕಾರಣ ಮೊದಲು ತಿಳಿಯಲಿಲ್ಲ. ಅನಂತರ ನೋಡಿದರೆ ಒಂದು ಗುಂಡಿನ ಪಕ್ಕದಲ್ಲಿ ಸೂಜಿಮೊನೆಯಷ್ಟು ತೂತಾಗಿ, ಅದರಿಂದ ಕರಿಯ ಧೂಳಿನಂತಹ ಹುಳಗಳು ಒಂದರ ಹಿಂದೊಂದು ಹೊರಟು, ರೆಕ್ಕೆ ಕೊಡವಿ, ಮೇಲಕ್ಕೆ ಏರಿ ಬಿಸಿಲಿನಲ್ಲಿ ಕಾಣದಾದುವು. ತೂತಿಲ್ಲದ ಹಣ್ಣಿನಲ್ಲಿ ಹುಳ ಹೇಗೆ ಬಂತೆಂದು ಕೇಳಿದ ಹುಡುಗನಿಗೆ ಕೊಡಬೇಕಾದ ಉತ್ತರ, ಇಷ್ಟು ತಡವಾಗಿ, ನನ್ನ ಕಣ್ಣೆದುರಿಗೇ ಹಾರಿಹೋಯಿತು.

ಇರುವೆಗಳ ವಿಷಯ ಬಂದುದರಿಂದ ಅದನ್ನೂ ಹೇಳಿಬಿಡುತ್ತೇನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೆನೀ ಬೋರ್ಜಸ್ ಅವರೂ ಅವರ ಶಿಷ್ಯರೂ ಇದೇ ಅತ್ತಿಮರವನ್ನು ಅನೇಕ ವರ್ಷಗಳಿಂದ ಪರಿಶೀಲಿಸಿದ್ದಾರೆ. ಗುಂಡಿನ ಹೊರಗಿನಿಂದಲೇ ಉದ್ದವಾದ ಸೂಜಿಯನ್ನು ಚುಚ್ಚಿ ಒಳಗಣ ಮರಿಗಳ ಪಾಲನ್ನು ಕದಿಯುವ ಬೇರೆ ಜಾತಿಯ ಕಣಜಗಳೂ ಅತ್ತಿಗೆ ಬರುತ್ತವೆ. ಪರಾಗ ತರುವ ಉಪಕಾರ ಅವುಗಳಿಂದಿಲ್ಲ. ಚಗಳಿಯಂತಹ ಇರುವೆಗಳು ಮರದ ಮತ್ತು ಕಣಜಗಳ ವಾಸನೆಯನ್ನೇ ಹಿಡಿದು ಅಲ್ಲಿಗೆ ಬರುವುದನ್ನು ಆ ಸಂಸ್ಥೆಯವರು ತೋರಿಸಿಕೊಟ್ಟರು. ಅದೇ ಸಂಸ್ಥೆಯ ಇನ್ನಿಬ್ಬರು ೨೦೧೪ರಲ್ಲಿ ಆ ಕಳ್ಳ ಕಣಜವೊಂದರ ಸೂಜಿಯನ್ನು ಪರೀಕ್ಷಿಸಿ, ತಲೆಗೂದಲಿಗಿಂತಲೂ ತೆಳುವಾದ ಅದರ ತುದಿಯಲ್ಲಿ ಗರಗಸದಂತಹ ಹಲ್ಲುಗಳಿರುವುದನ್ನೂ, ಆ ಹಲ್ಲುಗಳು ಸತುವಿನಿಂದ ಗಡುಸಾಗಿರುವುದನ್ನೂ ಕಂಡರು. ಬಡಗಿಯ ಬೈರಿಗೆಯ ಮೊನೆಗೆ ಉಕ್ಕು ಹಚ್ಚುವ ಬುದ್ಧಿ ಮನುಷ್ಯನಿಗೆ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಒಂದು ನುಸಿಯ ಮೈಯಲ್ಲಿ ಅದು ಸಿದ್ಧವಾಗಿತ್ತೆಂದಾಯಿತು.

ಇನ್ನು ಮುಖ್ಯವಾದ ಮಾತಿಗೆ ಬರುತ್ತೇನೆ. ಹೊರಬಿದ್ದ ಹೆಣ್ಣು ಕಣಜವು ಏನನ್ನೂ ತಿನ್ನುವುದಿಲ್ಲ. ಅದರ ಆಯುಸ್ಸು ಒಂದೆರಡು ದಿನಗಳು ಮಾತ್ರ. ಅಷ್ಟರೊಳಗೆ, ಹೆಣ್ಣುಹೂ ಅರಳಿದ ಗುಂಡು ಅದಕ್ಕೆ ಸಿಕ್ಕಬೇಕು. ತಾನು ಹುಟ್ಟಿದ ಮರದಲ್ಲಿ ಅದು ಸಾಮಾನ್ಯವಾಗಿ ಸಿಕ್ಕದು. ಏಕೆಂದರೆ ಒಂದು ಮರದ ಗುಂಡುಗಳೆಲ್ಲ ಬಹುತೇಕ ಒಟ್ಟಿಗೇ ಮಾಗುತ್ತವೆ. ಬೇರೆ ಮರ ಬೇಕು. ಆ ಮರವೂ ಆ ದಿನಗಳಲ್ಲಿಯೇ ಪಕ್ವವಾಗಿರಬೇಕು. ಅತ್ತಿಯು ವರ್ಷಕ್ಕೊಮ್ಮೆ ಒಂದೇ ಋತುವಿನಲ್ಲಿ ಎಲ್ಲೆಡೆಯೂ ಫಲಿಸದೆ, ಒಂದೊಂದು ಮರವೂ ತನ್ನದೇ ಕಾಲದಲ್ಲಿ ವರ್ಷಕ್ಕೆ ಹಲವು ಬಾರಿ ಫಲಿಸುವುದು ಇದರಿಂದಲೇ. ಒಂದು ಊರಿನ ಅತ್ತಿಮರಗಳು ದೀಪದಿಂದ ದೀಪ ಹೊತ್ತಿಸಿದಂತೆ ಸರದಿಯಿಂದ ಕಣಜವನ್ನು ಕಾಪಾಡುತ್ತವೆ. ಗಾಳಿಯು ಒದಗಿದರೆ ಈ ನುಸಿಗಳು ಬಹುದೂರ ಹೋಗಬಲ್ಲುವೆಂಬುದು ನಿಜ; ನಮೀಬ್ ಮರುಭೂಮಿಯಲ್ಲಿ ಸಿಕಮೋರಿನ ಕಣಜಗಳು ೧೬೦ ಕಿಲೋಮೀಟರಿನಷ್ಟು ದೂರ ಪರಾಗವನ್ನು ಒಯ್ದುದನ್ನು ೨೦೦೯ರಲ್ಲಿ ಪ್ರಕಟಿಸಿದ್ದಾರೆ. ಆದರೆ ನಮ್ಮ ಆಷಾಢದ ಮಳೆಯಲ್ಲಿ ಕೊಡೆ ಹಿಡಿದ ಮನುಷ್ಯನೇ ಕೋಟೇಶ್ವರದಿಂದ ಕುಂದಾಪುರಕ್ಕೆ ಹೋಗಲು ಹಿಂಜರಿಯುವಾಗ, ಎಳ್ಳಿಗಿಂತ ಕಿರಿದಾದ ಜೀವಿಗೆ ಹತ್ತಿರದಲ್ಲಿಯೇ ಮರವೊಂದಿರುವುದು ಎಷ್ಟು ದೊಡ್ಡ ಆಸರೆಯೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು. ಸರದಿಯ ನಡುವಣ ಮರಗಳನ್ನು ಕಡಿಯುತ್ತ ಹೋದರೆ ಉಳಿದ ಮರಗಳು ನಿಂತಿರುತ್ತವೆ, ಹಸುರಾಗಿಯೂ ಇರುತ್ತವೆ, ಗುಂಡುಗಳು ಮಾತ್ರ ಮಾಗದೆ ಉದುರುತ್ತವೆ.

ಇದು ಬರಿಯ ಊಹೆಯಲ್ಲ. ಈಜಿಪ್ಟ್ ದೇಶದಲ್ಲಿ ಸಿಕಮೋರ್ ಮರವನ್ನು ಫೆರೋಗಳ ಕಾಲದಿಂದಲೂ ಬೆಳೆಸುತ್ತಾರೆ. ಶವಪೆಟ್ಟಿಗೆಗಳನ್ನು ಅದರ ಹಲಗೆಯಿಂದ ಮಾಡುತ್ತಿದ್ದರು. ಆದರೆ ಅದರ ಪರಾಗ ತರುವ ಕಣಜವು ಅಲ್ಲಿಲ್ಲ. ಆದುದರಿಂದ ಆ ಮರಕ್ಕೆ ಅಲ್ಲಿ ಬೀಜವೇ ಇಲ್ಲ. ಕೊಂಬೆ ಕಡಿದು ನೆಟ್ಟೇ ವಂಶ ಮುಂದುವರಿಯಬೇಕು. ಕಾಯಿ ಸಿಹಿಯಾಗಬೇಕಾದರೆ ಮನುಷ್ಯನು ಒಂದೊಂದು ಕಾಯಿಯನ್ನೂ ಚೂರಿಯಿಂದ ಗೀರಬೇಕು. ಗ್ರೀಸಿನ ಥಿಯೊಫ್ರಾಸ್ಟಸನು ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ ಈ ಗೀರುವ ಪದ್ಧತಿಯನ್ನು ಬರೆದಿಟ್ಟಿದ್ದಾನೆ. ಅಮೆರಿಕೆಯ ಕ್ಯಾಲಿಫೋರ್ನಿಯದವರ ಕಥೆ ಇನ್ನೂ ಸ್ವಾರಸ್ಯವಾದುದು. ಅವರು ೧೮೮೦ರ ದಶಕದಲ್ಲಿ ತುರ್ಕಿಯಿಂದ ಸ್ಮಿರ್ನಾ ಅಂಜೂರದ ಗಿಡಗಳನ್ನು ತರಿಸಿ ನೆಟ್ಟರು. ಗಿಡ ಬೆಳೆಯಿತು, ಕಾಯಿ ಕಚ್ಚಿತು, ವರ್ಷ ವರ್ಷವೂ ಎಲ್ಲವೂ ಉದುರಿತು. ತುರ್ಕಿಯ ರೈತರು ಕಾಡು ಅಂಜೂರದ ಕಾಯಿಗಳನ್ನು ಪೋಣಿಸಿ ತೋಟದ ಮರಗಳಿಗೆ ತೂಗುಹಾಕುತ್ತಾರೆಂದು ಕೇಳಿದವರು ಅದನ್ನು ಹಳ್ಳಿಗರ ಮೂಢನಂಬಿಕೆಯೆಂದು ನಕ್ಕರು. ಕೊನೆಗೆ ಕಾಡು ಅಂಜೂರದ ಕಣಜವು ೧೮೯೯ರಲ್ಲಿ ಫ್ರೆಸ್ನೋ ಎಂಬಲ್ಲಿ ನೆಲೆಯೂರಿದ ಮೇಲೆಯೇ ಅವರಿಗೆ ಹಣ್ಣು ದೊರೆಯಿತು.

ಹುಳವೂ ಹಣ್ಣೂ ಬೇರೆಯಲ್ಲವೆಂಬುದು ನಮ್ಮವರಿಗೆ ಒಂದು ರೀತಿಯಲ್ಲಿ ತಿಳಿದೇ ಇತ್ತು. ಅಮರಕೋಶದಲ್ಲಿ ಅತ್ತಿಗೆ ಉದುಂಬರ, ಯಜ್ಞಾಂಗ, ಹೇಮದುಗ್ಧಕ ಎಂಬ ಹೆಸರುಗಳ ಜೊತೆಗೆ ಜಂತುಫಲವೆಂಬ ಹೆಸರೂ ಇದೆ. ನಾನು ಆ ಶಬ್ದವನ್ನು ನೂರಾರು ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೇನೆ. ಅದರ ಅರ್ಥದ ಮುಂದೆ ಒಂದು ದಿನವೂ ನಿಂತು ನೋಡಿರಲಿಲ್ಲ. ಭಾಗವತದ ದಶಮಸ್ಕಂಧದಲ್ಲಿ ಅಕ್ರೂರನು ಭಗವಂತನನ್ನು ಸ್ತುತಿಸುತ್ತ, ಅವನಲ್ಲಿ ಲೋಕಗಳು ಅತ್ತಿಯ ಹಣ್ಣಿನೊಳಗಣ ನುಸಿಗಳಂತೆ ಚಲಿಸುವುವೆಂದು ಹೇಳುತ್ತಾನೆ. ಅಲ್ಲಿ ಹುಳವು ಹೇಯವಾಗಿ ಬಂದಿಲ್ಲ.

ಕೆಂಪಾಗಿ ಮಾಗಿದ ಹಣ್ಣಿನಲ್ಲಿ ನಾವು ಕಾಣುವ ಹುಳಗಳು ಹೆಚ್ಚಾಗಿ ಹೊರಹೋಗದೆ ಉಳಿದವುಗಳೂ ಸತ್ತ ಗಂಡುಗಳೂ ಆಗಿರುತ್ತವೆ. ಕಣಜಗಳು ಹೊರಟ ಮೇಲೆಯೇ ಗುಂಡು ಮೆತ್ತಗಾಗಿ, ಬಣ್ಣವೇರಿ, ಸಿಹಿಯಾಗುವುದು. ಆಗ ಬಾವಲಿಗಳು ಬರುತ್ತವೆ, ಕುಟುರ ಹಕ್ಕಿಗಳು ಬರುತ್ತವೆ, ಘಟ್ಟದ ಕೆಳಗಣ ಕಾಡುಗಳಲ್ಲಿ ಮಂಗಟ್ಟೆಗಳು ಬರುತ್ತವೆ. ಇರುಳು ಪುನುಗುಬೆಕ್ಕು ಬರುತ್ತದೆ. ತೋಡಿಗೆ ಬಿದ್ದುದನ್ನು ಮೀನು ತಿನ್ನುತ್ತದೆ. ಬೇರೆ ಹಣ್ಣುಗಳಿಲ್ಲದ ತಿಂಗಳುಗಳಲ್ಲಿಯೂ ಎಲ್ಲಿಯಾದರೂ ಒಂದು ಅತ್ತಿ ಹಣ್ಣಾಗಿರುವುದರಿಂದ ಕಾಡಿನ ಹೊಟ್ಟೆ ತುಂಬುವುದು ಇದರಿಂದಲೇ. ಅವು ತಿಂದು ಹಾಕಿದ ಬೀಜಗಳಿಂದ ಬೇರೆಡೆ ಸಸಿಯೇಳುತ್ತದೆ. ನೆರೆಯಾತನು ದೂರಿದ ಬಾವಲಿಗಳೇ ಆ ಮರದ ಬಿತ್ತನೆಯ ಆಳುಗಳು.

ಚೈತ್ರದಲ್ಲಿ ಆತನನ್ನು ಕರೆದು ಮರದಡಿಯಲ್ಲಿ ನಿಲ್ಲಿಸಿದೆನು. ಎಳೆಯ ಗುಂಡೊಂದನ್ನು ಸೀಳಿ ಭೂತಗನ್ನಡಿಯನ್ನು ಕೈಗಿತ್ತೆನು. ಆತನು ಬಹಳ ಹೊತ್ತು ನೋಡಿ, ಮಗಳನ್ನು ಕೂಗಿ ಕರೆದು ಅವಳಿಗೂ ತೋರಿಸಿದನು. "ನಾನು ನಿನಗೆ ತಪ್ಪು ಕಲಿಸಿದ್ದೆ" ಎಂದೆನು. "ಅಂದು ಪ್ರಶ್ನೆ ಕೇಂಡದ್ದ್ ನಾನೇ ಮಾಷ್ಟ್ರೇ" ಎಂದು ಆತನು ನಕ್ಕನು. ನನಗೆ ಅದು ನೆನಪಿರಲಿಲ್ಲ.

ದೋಷದ ವಿಚಾರದಲ್ಲಿ, ಹೋಮಕ್ಕೆ ಸಮಿತ್ತು ಕೊಡುವ ಮರವನ್ನು ವೃಥಾ ಕಡಿಯಬಾರದೆಂದಷ್ಟೇ ಹೇಳಿದೆನು. ಪಾಪದ ಭಯವನ್ನು ಹುಟ್ಟಿಸಿ ಮರವನ್ನು ಉಳಿಸಲು ನನಗೆ ಮನಸ್ಸಾಗಲಿಲ್ಲ. ಬಾವಿಯ ಕಟ್ಟೆಯ ಬಿರುಕು ಸುಳ್ಳಲ್ಲ. ಆ ಕಡೆಯ ಒಂದು ಬೇರನ್ನು ಕಡಿದು, ಕಟ್ಟೆಯನ್ನು ಕಲ್ಲಿನಿಂದ ಮತ್ತೆ ಕಟ್ಟಿಸಿದರೆ ಹೇಗೆ ಎಂದು ಕೇಳಿದೆನು. ಖರ್ಚಿನ ಲೆಕ್ಕ ಹಾಕಿ, ಈಗ ಮರದ ಮೇಲಿರುವ ಫಸಲು ಮುಗಿಯುವವರೆಗೆ ಕಾಯುವೆನೆಂದೂ, ಕೊಡಿಹಬ್ಬದ ಹೊತ್ತಿಗೆ ತೀರ್ಮಾನ ಮಾಡುವೆನೆಂದೂ ಆತನು ಒಪ್ಪಿದನು.

ಮೊನ್ನೆ ಸಂಜೆ ತೋಡು ದಾಟಿ ಹೋಗಿದ್ದೆನು. ಕೆಳಗಣ ಗೊಂಚಲುಗಳು ಕೆಂಪೇರುತ್ತಿವೆ. ದಕ್ಷಿಣದ ದಪ್ಪ ಕೊಂಬೆಯ ಮೇಲೆ, ಹಳೆಯ ಫಸಲು ಮುಗಿಯುವ ಮೊದಲೇ, ಮೆಣಸಿನ ಕಾಳಿನಷ್ಟು ದಪ್ಪದ ಹೊಸ ಗುಂಡುಗಳು ಸಾಲಾಗಿ ಮೂಡಿವೆ. ಇದನ್ನು ಆತನಿಗೆ ನಾನಿನ್ನೂ ಹೇಳಿಲ್ಲ.